ಟೈಲ್ಸ್ ಒಡೆಸುವ ಮುನ್ನ: ಕಾಣದ ಸೋರಿಕೆಯನ್ನು ಹುಡುಕುವ ಬಗೆ

ನಮ್ಮ ಮನೆ ಬೆಂಗಳೂರಿನ ಒಂದು 30×40 ಸೈಟಿನಲ್ಲಿದೆ. ಕೆಳಗೆ ಹಾಲು, ಅದರ ನೆತ್ತಿಗೆ ಸರಿಯಾಗಿ ಮಹಡಿಯ ಬಚ್ಚಲು. ಒಂದು ದಿನ ಹಾಲಿನ ಛಾವಣಿಯಲ್ಲಿ ಟೀ ಚೆಲ್ಲಿದಂಥ ಕಲೆ ಕಾಣಿಸಿತು. ತಿಂಗಳೊಳಗೆ ಅದು ತಟ್ಟೆಯಗಲವಾಯಿತು. ಬಂದ ಮೊದಲ ಪ್ಲಂಬರ್ ತಲೆಯೆತ್ತಿ ನೋಡಿದ, ಮೇಲೆ ಹೋದ, ಶವರ್ ಹಿಂದಿನ ಗೋಡೆಯ ಹದಿನಾಲ್ಕು ಟೈಲ್ಸ್ ಒಡೆದ. ಒಳಗಿದ್ದ ಪೈಪು ಒಣಗಿ ಗರಿಗರಿಯಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎರಡನೆಯವನು ನೆಲದ ಸಂದುಗಳಿಗೆಲ್ಲ ಬಿಳಿ ಸಿಮೆಂಟು ತುಂಬಿ ಹೋದ; ಹತ್ತು ದಿನಕ್ಕೆ ಕಲೆ ಮತ್ತೆ ಹಸಿಯಾಯಿತು. ಮೂರನೆಯವರು ವಯಸ್ಸಾದವರು. ಸುತ್ತಿಗೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಕುರ್ಚಿ ಎಳೆದುಕೊಂಡು ಕೂತು ಕೇಳಿದ್ದು ಒಂದೇ: "ಯಾವಾಗ ಜಾಸ್ತಿ ಆಗುತ್ತೆ, ಯಾವಾಗ ಕಮ್ಮಿ ಆಗುತ್ತೆ?"

ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದೆ ಬರೆದಿರುವುದೆಲ್ಲ ಆ ಉತ್ತರ ಹುಡುಕಿದ ಕಥೆ ಮತ್ತು ಕ್ರಮ.

ಮೊದಲು ತಿಳಿಯಬೇಕಾದ್ದು: ಯಾವ ನೀರು?

ಕಲೆ ಕಂಡ ಜಾಗ ಸೋರುವ ಜಾಗವಲ್ಲ. ನೀರು ಕಾಂಕ್ರೀಟಿನೊಳಗೆ ಕಂಬಿ ಹಿಡಿದು ಹೋಗುತ್ತದೆ, ವೈರಿಂಗ್ ಪೈಪಿನೊಳಗೆ ನುಗ್ಗುತ್ತದೆ, ಎಲ್ಲೋ ಒಂದು ಸಣ್ಣ ಬಿರುಕು ಸಿಕ್ಕಲ್ಲಿ ಇಳಿಯುತ್ತದೆ. ಮೂರು ಅಡಿ, ಐದು ಅಡಿ ದೂರದಲ್ಲಿ ಕಾಣಿಸಿಕೊಂಡರೂ ಆಶ್ಚರ್ಯವಿಲ್ಲ. ಆದ್ದರಿಂದ "ಎಲ್ಲಿ" ಎಂಬ ಪ್ರಶ್ನೆಗಿಂತ "ಯಾವ ನೀರು" ಎಂಬುದು ಮುಂದೆ ಬರಬೇಕು. ಮನೆಗೆ ತೇವ ತರುವ ನೀರು ಮುಖ್ಯವಾಗಿ ನಾಲ್ಕು ಬಗೆ. ಟ್ಯಾಂಕಿನಿಂದ ನಲ್ಲಿಗೆ ಬರುವ ಒತ್ತಡದ ನೀರು ಹಗಲು ರಾತ್ರಿ ಬಿಡದೆ ಸೋರುತ್ತದೆ, ನೀವು ಊರಿಗೆ ಹೋದರೂ ಸೋರುತ್ತದೆ. ಬಳಸಿ ಬಿಟ್ಟ ನೀರು ಸ್ನಾನ, ಫ್ಲಶ್, ಪಾತ್ರೆ ತೊಳೆಯುವ ಹೊತ್ತಿಗೆ ಮಾತ್ರ. ಮಳೆ ನೀರಿಗೆ ಅದರದೇ ಋತು. ನೆಲದಿಂದೇಳುವ ತೇವಕ್ಕೆ ಹೊತ್ತುಗೊತ್ತಿಲ್ಲ, ಆದರೆ ಅದು ಗೋಡೆಯ ಬುಡದಿಂದ ಸುಮಾರು ಮೂರಡಿ ಮೀರಿ ಏರುವುದು ಅಪರೂಪ.

ಹಾಗಾಗಿ ಕಲೆಯ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಎರಡು ದಿನಕ್ಕೊಮ್ಮೆ ಹೊಸ ಗೆರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅದೇ ದಿನದ ಚೌಕದೊಳಗೆ ಮಳೆ ಬಂತೇ, ನೆಂಟರು ಬಂದು ನಾಲ್ಕು ಸ್ನಾನ ಹೆಚ್ಚಾಯಿತೇ, ಮನೆ ಬೀಗ ಹಾಕಿತ್ತೇ ಎಂದು ಗುರುತು ಮಾಡಿ. ಹದಿನೈದು ದಿನದ ಈ ಲೆಕ್ಕ ಅರ್ಧ ರೋಗವನ್ನು ಹೇಳಿಬಿಡುತ್ತದೆ.

ಕಲೆಯ ಹತ್ತಿರ ಫ್ಯಾನ್ ಕೊಕ್ಕೆ, ಲೈಟು, ಸ್ವಿಚ್‌ಬೋರ್ಡ್ ಇದ್ದರೆ ಮಾತ್ರ ಕ್ಯಾಲೆಂಡರಿಗೆ ಕಾಯಬೇಡಿ. ಆ ಸರ್ಕ್ಯೂಟಿನ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿ, ಆಮೇಲೆ ಉಳಿದದ್ದು.

ರಾತ್ರಿಯ ಪರೀಕ್ಷೆ

ಒತ್ತಡದ ಸೋರಿಕೆ ಹಿಡಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ರಾತ್ರಿ ಹತ್ತಕ್ಕೆ ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ಮೋಟರಿನ ಆಟೋಮ್ಯಾಟಿಕ್ ಕಂಟ್ರೋಲರ್ ಆಫ್ ಮಾಡಿ, ಉದ್ದನೆಯ ಸ್ಕೇಲು ಅಥವಾ ಕೋಲು ಇಳಿಸಿ ನೀರಿನ ಮಟ್ಟ ಗುರುತು ಹಾಕಿ. ರಾತ್ರಿ ಯಾರಾದರೂ ಎದ್ದರೆ ಬಳಸಲು ಬಚ್ಚಲಲ್ಲಿ ಒಂದು ಬಕೆಟ್ ತುಂಬಿಟ್ಟು, ಫ್ಲಶ್ ಮುಟ್ಟಬೇಡಿ ಎಂದು ಮನೆಮಂದಿಗೆಲ್ಲ ಹೇಳಿ. (ನಮ್ಮಲ್ಲಿ ಮೊದಲ ರಾತ್ರಿಯ ಪರೀಕ್ಷೆ ಕೆಟ್ಟದ್ದು ಮಗ ಮರೆತು ಫ್ಲಶ್ ಒತ್ತಿದ್ದರಿಂದ.) ಬೆಳಿಗ್ಗೆ ಐದಕ್ಕೆ ಮತ್ತೆ ಅಳೆಯಿರಿ.

ಸಾವಿರ ಲೀಟರಿನ ದುಂಡು ಟ್ಯಾಂಕಿನ ಅಡ್ಡಗಲ ಸುಮಾರು 110 ಸೆಂ.ಮೀ. ಅದರಲ್ಲಿ 1 ಸೆಂ.ಮೀ. ಇಳಿದರೆ ಹತ್ತಿರ ಹತ್ತಿರ 9.5 ಲೀಟರ್ ಹೋಯಿತೆಂದು ಅರ್ಥ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನವಿಡೀ ತೊಟ್ಟಿಕ್ಕಿದರೂ 4 ಲೀಟರ್ ಚಿಲ್ಲರೆ, ಏಳು ಗಂಟೆಗೆ ಒಂದು ಮಿಲಿಮೀಟರಿನಷ್ಟು ಮಾತ್ರ. ಆದ್ದರಿಂದ ಮಟ್ಟ ಒಂದು ಸೆಂ.ಮೀ. ಇಳಿದಿದ್ದರೆ "ಯಾವುದೋ ನಲ್ಲಿ ತೊಟ್ಟಿಕ್ಕುತ್ತಿರಬೇಕು" ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಇಳಿದಿದ್ದರೆ ಎರಡನೇ ರಾತ್ರಿ ಟ್ಯಾಂಕಿನಿಂದ ಹೊರಡುವ ಎಲ್ಲ ವಾಲ್ವ್‌ಗಳನ್ನೂ ಮುಚ್ಚಿ ಅದೇ ಪರೀಕ್ಷೆ. ಆಗ ಇಳಿಯದಿದ್ದರೆ ತಪ್ಪು ಕೆಳಗಿನ ಪೈಪುಗಳಲ್ಲಿದೆ. ಮೂರನೇ ರಾತ್ರಿಯಿಂದ ಒಂದೊಂದೇ ವಾಲ್ವ್ ತೆರೆಯುತ್ತ ಹೋದರೆ ಯಾವ ಲೈನು ಎಂದು ಸಿಗುತ್ತದೆ. ಸೋಲಾರ್ ಇರುವ ಮನೆಯಲ್ಲಿ ಬಿಸಿನೀರಿನ ಲೈನನ್ನು ಬೇರೆಯಾಗಿ ಪರೀಕ್ಷಿಸಿ. ತಣ್ಣೀರಿಗೆಂದು ತಯಾರಾದ ಯುಪಿವಿಸಿ ಪೈಪನ್ನು ಬಿಸಿನೀರಿಗೂ ಎಳೆದುಬಿಟ್ಟಿರುವ ಮನೆಗಳನ್ನು ಕಂಡಿದ್ದೇನೆ. ಬೇಸಿಗೆಯಲ್ಲಿ ಸೋಲಾರ್ ನೀರಿನ ಕಾವಿಗೆ ಅದು ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಸಿಪಿವಿಸಿಯಾದರೆ ತಡೆಯುತ್ತದೆ. ಬರಿಗಾಲಿನಲ್ಲಿ ನಡೆದಾಗ ನೆಲದ ಒಂದು ಕಡೆ ಬೆಚ್ಚಗೆನಿಸಿದರೆ ಬಿಸಿನೀರಿನ ಪೈಪು ಅಲ್ಲೇ ಎಲ್ಲೋ ಬಿಟ್ಟಿದೆ.

ಎಲ್ಲ ವಾಲ್ವ್ ಮುಚ್ಚಿದರೂ ಟ್ಯಾಂಕ್ ಇಳಿದರೆ? ಇಲ್ಲಿ ಹಲವರು ಮೋಸಹೋಗುತ್ತಾರೆ. ಟ್ಯಾಂಕ್ ಬಿರುಕು ಬಿಟ್ಟಿರಬಹುದು, ಆದರೆ ಅದಕ್ಕೂ ಮೊದಲು ಸಂಪನ್ನು ನೋಡಿ. ಮೋಟರಿನಿಂದ ಬರುವ ಪೈಪಿನ ತುದಿ ಟ್ಯಾಂಕಿನ ನೀರಿನಲ್ಲಿ ಮುಳುಗಿದ್ದು, ಕೆಳಗಿನ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಕೆಟ್ಟಿದ್ದರೆ, ಮೇಲಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಸಂಪಿಗೆ ಇಳಿಯುತ್ತದೆ. ಟ್ಯಾಂಕ್ ಇಳಿದಿದೆ, ಸಂಪು ಏರಿದೆ ಎಂದಾದರೆ ಎಲ್ಲೂ ಒಡೆಯಬೇಕಿಲ್ಲ, ಒಂದು ಎನ್‌ಆರ್‌ವಿ ಬದಲಿಸಿದರೆ ಸಾಕು. ಪ್ರೆಶರ್ ಪಂಪ್ ಇರುವ ಮನೆಯಲ್ಲಿ ಇನ್ನೂ ಸುಲಭ: ಯಾವ ನಲ್ಲಿಯೂ ತೆರೆದಿಲ್ಲದಾಗ ಪಂಪು ಆಗೊಮ್ಮೆ ಈಗೊಮ್ಮೆ ಎರಡು ಸೆಕೆಂಡು ಗುಡುಗಿ ನಿಂತರೆ ಲೈನಿನಲ್ಲಿ ಸೋರಿಕೆ ಇದೆ, ಇಲ್ಲವೇ ಎನ್‌ಆರ್‌ವಿ ಹಿಡಿಯುತ್ತಿಲ್ಲ.

ಸಂಪಿಗೂ ಇದೇ ಬಗೆಯ ಪರೀಕ್ಷೆ. 6 ಅಡಿ ಉದ್ದ, 6 ಅಡಿ ಅಗಲದ ಸಂಪಿನಲ್ಲಿ 1 ಸೆಂ.ಮೀ. ಎಂದರೆ 33 ಲೀಟರ್. ಒಂದು ಉಪಯೋಗದ ಸಂಗತಿ: ಬಿರುಕು ಬಿಟ್ಟ ಸಂಪಿನ ನೀರು ಬಿರುಕಿನ ಮಟ್ಟಕ್ಕೆ ಇಳಿದು ನಿಂತುಬಿಡುತ್ತದೆ. ಎಲ್ಲಿ ನಿಂತಿತೋ ಆ ಗೆರೆಗುಂಟ ಹುಡುಕಿದರೆ ಸಿಗುತ್ತದೆ. ಇನ್ನು ರಸ್ತೆಯ ಮೀಟರಿನಿಂದ ಸಂಪಿನವರೆಗಿನ ಪೈಪು. ಕಾವೇರಿ ನೀರು ಬಿಟ್ಟ ದಿನ ಅರ್ಧ ಗಂಟೆ ಕಳೆದ ಮೇಲೆ (ಮೊದಲು ಗಾಳಿ ಬಂದು ಮೀಟರ್ ಸುಮ್ಮನೆ ತಿರುಗುತ್ತದೆ) ಸಂಪಿನ ಫ್ಲೋಟನ್ನು ಕೈಯಿಂದ ಎತ್ತಿ ಪೂರ್ತಿ ಮುಚ್ಚಿ, ಮೀಟರಿನ ಮುಖದಲ್ಲಿರುವ ಪುಟ್ಟ ಚಕ್ರವನ್ನು ನೋಡಿ. ಅದು ಇನ್ನೂ ತಿರುಗುತ್ತಿದ್ದರೆ ನೀರು ಮಣ್ಣಿಗೆ ಹೋಗುತ್ತಿದೆ, ಬಿಲ್ಲು ನಿಮಗೆ ಬರುತ್ತಿದೆ. ಬೆಂಗಳೂರು ಜಲಮಂಡಳಿಯ ದರ 8,000, 25,000, 50,000 ಲೀಟರ್ ದಾಟಿದಂತೆಲ್ಲ ಮೆಟ್ಟಿಲೇರುವುದರಿಂದ ಸೋರಿದ ನೀರಿಗೆ ಮೇಲಿನ ದರವೇ ಬೀಳುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತಂದ ನೀರು ಅದು.

ಬಚ್ಚಲು

ಗುಪ್ತ ಸೋರಿಕೆಯ ತವರುಮನೆ ಇದೇ. ನಮ್ಮ ಕಡೆ ಬಚ್ಚಲಿನ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ಸುಮಾರು ಒಂದಡಿ ಕೆಳಗಿಳಿಸಿ ಹಾಕುತ್ತಾರೆ. ಆ ತಗ್ಗಿನಲ್ಲಿ ಪೈಪುಗಳನ್ನು ಮಲಗಿಸಿ, ಮೇಲೆ ಇಟ್ಟಿಗೆ ಚೂರು ತುಂಬಿ, ಗಾರೆ ಎಳೆದು ಟೈಲ್ಸ್ ಹಾಕುತ್ತಾರೆ. ಇದಕ್ಕೆ ಸಂಕನ್ ಸ್ಲ್ಯಾಬ್ ಎನ್ನುವುದು ರೂಢಿ. ಯೋಚಿಸಿ ನೋಡಿದರೆ ಅದು ಮುಚ್ಚಳ ಹಾಕಿದ ಒಂದು ತೊಟ್ಟಿ. ಎಲ್ಲಿಂದ ಒಂದು ಹನಿ ಒಳಗಿಳಿದರೂ ಅಲ್ಲೇ ಕೂಡುತ್ತದೆ. ತಿಂಗಳುಗಟ್ಟಲೆ ಕೂಡಿ, ತುಂಬಿ, ಆಮೇಲೆ ಸ್ಲ್ಯಾಬಿನ ಸೆರೆಯಿಂದ ಕೆಳಗೆ ಜಿನುಗುತ್ತದೆ. ಹಾಗಾಗಿ ಇವತ್ತು ಮೇಲೆ ನಲ್ಲಿ ನಿಲ್ಲಿಸಿದರೆ ಕೆಳಗೆ ನಾಳೆ ನಿಲ್ಲುವುದಿಲ್ಲ. ಪರೀಕ್ಷೆಗಳನ್ನು ಒಂದರ ಹಿಂದೆ ಒಂದು ಅದೇ ದಿನ ಮಾಡಿ ಮುಗಿಸುವ ಪ್ಲಂಬರನ ಮಾತನ್ನು ನಾನು ನಂಬದಿರುವುದು ಇದಕ್ಕೇ. ಪ್ರತಿ ಹೆಜ್ಜೆಗೂ ಎರಡು ಮೂರು ದಿನ ಬೇಕು.

ಆ ಹಿರಿಯರು ನಮ್ಮಿಂದ ಮಾಡಿಸಿದ್ದು ಹೀಗೆ. ಮೊದಲ ನಾಲ್ಕು ದಿನ ಮಹಡಿಯ ಬಚ್ಚಲಿಗೆ ಯಾರೂ ಹೋಗುವಂತಿಲ್ಲ, ಆದರೆ ವಾಲ್ವ್ ತೆರೆದೇ ಇರಬೇಕು. ಕೆಳಗಿನ ಹನಿಗಳನ್ನು ಒಂದು ಡಬ್ಬಿಯಲ್ಲಿ ಹಿಡಿದು ದಿನದಿನ ಅಳೆದೆವು. ಒತ್ತಡದ ಪೈಪು ಸೋರುತ್ತಿದ್ದರೆ ಅಳತೆ ಒಂದೇ ಸಮ ಇರಬೇಕಿತ್ತು. ನಮ್ಮಲ್ಲಿ ಮೊದಲ ದಿನ ಒಂದು ಲೋಟ, ನಾಲ್ಕನೇ ದಿನ ಎರಡು ಚಮಚ. ಅಲ್ಲಿಗೆ ನಲ್ಲಿ ಪೈಪುಗಳೆಲ್ಲ ನಿರಪರಾಧಿಗಳಾದವು, ಹದಿನಾಲ್ಕು ಟೈಲ್ಸ್ ಹೋಗಿದ್ದು ಹೋಯಿತು.

ಉಳಿದದ್ದು ಬಳಸಿದ ನೀರು. ಅದಕ್ಕೆ ಮೂರು ದಾರಿ: ನೆಲದ ಸಂದು, ಗೋಡೆಯ ಸಂದು, ಹೊರಹೋಗುವ ಪೈಪು. ಇವನ್ನು ಬೇರೆ ಮಾಡಬೇಕು. ಮೊದಲು ನೆಲ: ನಹಾನಿ ಟ್ರ್ಯಾಪಿನ, ಅಂದರೆ ನೆಲದ ನೀರು ಹೊರಹೋಗುವ ಜಾಲರಿಯ, ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿದ ಬಟ್ಟೆಯುಂಡೆ ಬಿಗಿಯಾಗಿ ತುರುಕಿ, ಬಾಗಿಲಿಗೆ ಒದ್ದೆ ಗಾರೆಯ ಸಣ್ಣ ಏರಿ ಕಟ್ಟಿ, ನೆಲದ ಮೇಲೆ ಒಂದಂಗುಲ ನೀರು ನಿಲ್ಲಿಸಿ. 24 ಗಂಟೆ ಬಿಡಿ. ನಿಂತ ನೀರಿನ ಮಟ್ಟ ಇಳಿದಿಲ್ಲ, ಕೆಳಗೆ ಹನಿ ಹೆಚ್ಚಾಗಿಲ್ಲ ಎಂದರೆ ನೆಲ ಸರಿಯಿದೆ. ನಮ್ಮ ನೆಲ ಪಾಸಾಯಿತು. ಎರಡು ದಿನ ಬಿಟ್ಟು ಪೈಪು: ಈ ಸಲ ನೆಲ ಒದ್ದೆಯಾಗದಂತೆ ಒಂದು ಹೋಸನ್ನು ನೇರವಾಗಿ ಜಾಲರಿಯೊಳಗೆ ಇಳಿಸಿ ಆರು ಬಕೆಟ್ ನೀರು ಬಿಟ್ಟೆವು, ಬಟ್ಟೆಗೆ ಹಾಕುವ ನೀಲಿ ಬೆರೆಸಿ. ಸಂಜೆಯ ಹೊತ್ತಿಗೆ ಕೆಳಗಿಟ್ಟ ಡಬ್ಬಿಯಲ್ಲಿ ಬಿದ್ದ ಹನಿಗೆ ತಿಳಿ ನೀಲಿ ಬಣ್ಣವಿತ್ತು. ಸಿಮೆಂಟಿನ ಮೂಲಕ ಬರುವಾಗ ಬಣ್ಣ ಹೀರಿಹೋಗುವುದೂ ಉಂಟು, ಆದ್ದರಿಂದ ಬಣ್ಣ ಬರಲಿಲ್ಲವೆಂದು ಪೈಪನ್ನು ಬಿಟ್ಟುಕೊಡಬೇಡಿ; ಹನಿಯ ಪ್ರಮಾಣ ಏರಿತೇ ಎಂಬುದೇ ಮುಖ್ಯ ಸಾಕ್ಷಿ.

ಗೋಡೆಯನ್ನು ಪರೀಕ್ಷಿಸಬೇಕಿದ್ದರೆ ಶವರನ್ನು ಟೈಲ್ಸಿನ ಮೇಲೆಯೇ ಬೀಳುವಂತೆ ಹತ್ತು ನಿಮಿಷ ಬಿಟ್ಟು ನೋಡಬಹುದು. ಕಮೋಡಿಗೆ ಬೇರೆ: ಫ್ಲಶ್ ನೀರು ತುಂಬುವ ಸಿಸ್ಟರ್ನ್‌ನೊಳಗೆ ಅದೇ ನೀಲಿ ಹಾಕಿ ಕಾಲು ಗಂಟೆ ಫ್ಲಶ್ ಮಾಡದೆ ಬಿಡಿ. ಕೆಳಗಿನ ಬೋಗುಣಿಗೆ ನೀಲಿ ಇಳಿದರೆ ಒಳಗಿನ ವಾಷರ್ ಹೋಗಿದೆ. ಇದು ಗೋಡೆ ಕೆಡಿಸುವುದಿಲ್ಲ, ಟ್ಯಾಂಕ್ ಖಾಲಿ ಮಾಡುತ್ತದೆ ಅಷ್ಟೆ. ಬೋರ್‌ವೆಲ್‌ನ ಗಡಸು ನೀರಿರುವ ಮನೆಗಳಲ್ಲಿ ವಾಷರಿನ ಮೇಲೆ ಸುಣ್ಣ ಕಟ್ಟಿ ಇದು ಪದೇ ಪದೇ ಬರುತ್ತದೆ.

ನಮ್ಮಲ್ಲಿ ಕೊನೆಗೆ ಒಡೆದದ್ದು ನಾಲ್ಕೇ ಟೈಲ್ಸ್, ಜಾಲರಿಯ ಸುತ್ತ. ಟ್ರ್ಯಾಪಿನಿಂದ ಹೊರಡುವ ಪೈಪನ್ನು ಅಂಟು ಹಾಕದೆ ಬರೀ ತುರುಕಿ, ಸುತ್ತ ಗಾರೆ ಮೆತ್ತಿದ್ದರು. ಗಾರೆ ಬಿರಿದು ಎಷ್ಟು ವರ್ಷವಾಗಿತ್ತೋ. ಹೊಸ ಮನೆ ಕಟ್ಟಿಸುವವರು ಟೈಲ್ಸ್ ಹಾಕುವ ಮುನ್ನ ಈ ಒಂದು ಜಾಯಿಂಟನ್ನು ಸ್ವತಃ ಬಗ್ಗಿ ನೋಡಿ, ಎಲ್ಲ ಪೈಪುಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಸೋರುವ ನೀರು ಧಾರಾಳವಾಗಿ ತೊಟ್ಟಿಕ್ಕುತ್ತಿದ್ದರೆ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಕೂಡ ಸುಳಿವು ಕೊಡುತ್ತದೆ. ನಮ್ಮ ಮನೆಯಲ್ಲಿ ಕಾವೇರಿ ನೀರು 200ರ ಆಸುಪಾಸು ತೋರಿಸಿದರೆ ಬೋರ್ ನೀರು 900 ತೋರಿಸುತ್ತದೆ. ಎರಡೂ ಲೈನು ಬೇರೆ ಬೇರೆ ಇರುವ ಮನೆಯಲ್ಲಿ ಇದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ನಿಧಾನವಾಗಿ ಜಿನುಗುವ ನೀರು ಸಿಮೆಂಟಿನ ಉಪ್ಪು ಕರಗಿಸಿಕೊಂಡು ಬರುವುದರಿಂದ ಅಲ್ಲಿ ಈ ಅಂಕಿಯನ್ನು ನಂಬಬಾರದು.

ಗೋಡೆಯ ಬುಡ

ಬಣ್ಣ ಉಬ್ಬಿ ಉದುರುವುದು, ಬಿಳಿ ಹಿಟ್ಟಿನಂಥ ಉಪ್ಪು ಮೂಡುವುದು ಎಲ್ಲರ ಮನೆಯ ಪಾಡು. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹನಿಗಳು ಹಾಳೆಯ ಹಿಂದೆ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಮುಂದೆ ಕಂಡರೆ ಕೋಣೆಯ ಗಾಳಿಯ ತೇವ, ಕಿಟಕಿ ತೆರೆದರೆ ಸರಿ. ಗೋಡೆಯಿಂದಲೇ ಎಂದಾದರೆ ಉದ್ದಕ್ಕೂ ಒಂದೇ ಎತ್ತರಕ್ಕಿದೆಯೇ ನೋಡಿ. ಒಂದೇ ಎತ್ತರವಾದರೆ ನೆಲದ ತೇವ. ಒಂದೇ ಕಡೆ ಗುಡ್ಡದಂತೆ ಎದ್ದಿದ್ದರೆ ಅದರ ಹಿಂದೆ ಸಿಂಕು, ಬಚ್ಚಲು ಅಥವಾ ಹೊರಗೊಂದು ಚರಂಡಿ ಚೇಂಬರ್ ಇದ್ದೇ ಇರುತ್ತದೆ.

ಹೊರಗಿನ ಚರಂಡಿ ಪೈಪು

ಒಳಚರಂಡಿ ಪೈಪು ಒಡೆದರೆ ಯಾವ ಬಿಲ್ಲೂ ಹೇಳುವುದಿಲ್ಲ. ಹೇಳುವುದು ಹೆಗ್ಗಣ. ಚೇಂಬರಿನ ಪಕ್ಕ ಹೊಸ ಬಿಲ, ಕಾಂಪೌಂಡಿನ ಕಲ್ಲುಹಾಸು ಒಂದು ಕಡೆ ಕುಸಿದದ್ದು, ಬೇಸಿಗೆಯಲ್ಲೂ ಒಂದೇ ತುಣುಕು ಹುಲ್ಲು ಹಸಿರಾಗಿರುವುದು, ಇವೆಲ್ಲ ಗುರುತು. ಗೋಡೆಯ ಮೇಲಿಂದ ಇಳಿಯುವ ಸ್ಯಾನಿಟರಿ ಪೈಪಿನ ಜಾಯಿಂಟಿನಲ್ಲಿ ಅರಳಿ ಸಸಿ ಮೊಳೆತಿದ್ದರೆ ಅಲ್ಲಿ ಹನಿ ಇದೆ ಎಂದೇ ಲೆಕ್ಕ. ಬುಡಸಮೇತ ತೆಗೆಯದೆ ಕತ್ತರಿಸಿದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಹಳೆಯ ಮನೆಗಳಲ್ಲಿ ನೆಲದೊಳಗಿರುವುದು ಸುಟ್ಟ ಮಣ್ಣಿನ ಪೈಪು. ಗಾರೆಯ ಜಾಯಿಂಟಿನೊಳಗೆ ಮರದ ಬೇರು ನುಗ್ಗಿ ಜಡೆಯಂತೆ ಹಬ್ಬುತ್ತದೆ. ಆರು ತಿಂಗಳಿಗೊಮ್ಮೆ ಕಟ್ಟಿಕೊಳ್ಳುವ ಲೈನು ಸೋರುವ ಲೈನೂ ಆಗಿರುತ್ತದೆ.

ಬೆಳಗಿನ ಜಾವ, ಯಾರೂ ನೀರು ಬಳಸುವ ಮುನ್ನ, ಚೇಂಬರುಗಳ ಮುಚ್ಚಳ ತೆಗೆದು ನೋಡಿ. ತಿಳಿನೀರು ಸಣ್ಣಗೆ ಹರಿಯುತ್ತಿದ್ದರೆ ಮನೆಯಲ್ಲಿ ಯಾವುದೋ ಸಿಸ್ಟರ್ನ್ ಸೋರುತ್ತಿದೆ. ಪೈಪನ್ನು ಪರೀಕ್ಷಿಸಲು ಕೆಳಗಿನ ಚೇಂಬರಿನಲ್ಲಿ ಪೈಪಿನ ಬಾಯಿ ಮುಚ್ಚಿ, ಮೇಲಿನ ಚೇಂಬರಿನಲ್ಲಿ ಅರ್ಧದವರೆಗೆ ನೀರು ತುಂಬಿ, ಸೀಮೆಸುಣ್ಣದಿಂದ ಗೆರೆ ಎಳೆದು ಒಂದು ಗಂಟೆ ಕಾಯಿರಿ. ಚೇಂಬರಿನ ಗೋಡೆ ಸ್ವಲ್ಪ ಹೀರುತ್ತದೆ, ಮೊದಲ ಹತ್ತು ನಿಮಿಷದ ಇಳಿತ ಲೆಕ್ಕಕ್ಕಿಲ್ಲ. ಆಮೇಲೂ ಸರಸರ ಇಳಿದರೆ ಆ ಎರಡು ಚೇಂಬರುಗಳ ನಡುವೆ ತಪ್ಪಿದೆ, ಅಗೆಯಬೇಕಾದ್ದು ಅಷ್ಟೇ ಉದ್ದ. ಇಲ್ಲಿಗೆ ಕ್ಯಾಮೆರಾ ಇಳಿಸುವವರನ್ನು ಕರೆಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗೋಡೆಯ ಸೋರಿಕೆಗೆ ಥರ್ಮಲ್ ಕ್ಯಾಮೆರಾ ತರುವವರ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ; ಅದು ತಂಪಾದ ಜಾಗ ತೋರಿಸುತ್ತದೆ, ಕಲೆ ನಮಗೂ ಕಾಣುತ್ತದೆ. ಬಿಸಿನೀರಿನ ಲೈನಿಗಾದರೆ ಸರಿ.

ಎಲ್ಲಕ್ಕಿಂತ ಅಪಾಯದ್ದು ಚರಂಡಿ ನೀರು ಸಂಪಿಗೆ ಸೇರುವುದು. ಇಕ್ಕಟ್ಟಿನ ಸೈಟಿನಲ್ಲಿ ಸಂಪು, ಚೇಂಬರ್ ಎರಡೂ ಗೇಟಿನ ಪಕ್ಕವೇ ಇರುತ್ತವೆ, ನಡುವೆ ಮೂರು ನಾಲ್ಕು ಅಡಿ. ಸಂಪು ಅರ್ಧ ಖಾಲಿಯಾದಾಗ ಹೊರಗಿನ ಕೊಳಕು ನೀರು ಬಿರುಕಿನಿಂದ ಒಳಗೆ ಬರುತ್ತದೆ. ಬೀದಿಯ ಪೈಪಿನಲ್ಲೂ ಇದೇ ಆಗುತ್ತದೆ: ನೀರು ಬಿಡದ ದಿನ ಪೈಪು ಖಾಲಿಯಿದ್ದು, ಬಿರುಕಿರುವಲ್ಲಿ ಸುತ್ತಲಿನ ಹೊಲಸನ್ನು ಎಳೆದುಕೊಳ್ಳುತ್ತದೆ, ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ. ವಾಸನೆ, ಮಂಕು ಬಣ್ಣ, ಸಂಪಿನ ಗೋಡೆಯ ಮೇಲೆ ಒಂದೇ ಕಡೆ ಕಪ್ಪು ಗೆರೆ ಕಂಡರೆ ಆ ನೀರನ್ನು ಕುಡಿಯುವುದು, ಅಡುಗೆಗೆ ಬಳಸುವುದು ಅಂದೇ ನಿಲ್ಲಿಸಿ. ಎಚ್2ಎಸ್ ಪರೀಕ್ಷೆಯ ಸಣ್ಣ ಬಾಟಲಿಗೆ ನೀರು ತುಂಬಿಸಿಟ್ಟರೆ ಒಂದೆರಡು ದಿನದಲ್ಲಿ ಕಪ್ಪಾಗುವುದು ಮಲದ ಅಂಶ ಸೇರಿರುವ ಸೂಚನೆ. ಕಪ್ಪಾಗದಿದ್ದರೂ ಅನುಮಾನವಿದ್ದರೆ ಲ್ಯಾಬಿಗೆ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಅಕ್ಕಪಕ್ಕದ ಮನೆಯಲ್ಲೂ ಹೀಗೇ ಇದ್ದರೆ ತಪ್ಪು ಬೀದಿಯದು, ಜಲಮಂಡಳಿಯ 1916ಕ್ಕೆ ದೂರು ಕೊಡಿ. ನಿಮ್ಮೊಬ್ಬರಲ್ಲೇ ಆದರೆ ಸಂಪು ಖಾಲಿ ಮಾಡಿಸಿ, ಒಣಗಿಸಿ, ಒಳಗೋಡೆಗೆ ಹೊಸ ವಾಟರ್‌ಪ್ರೂಫ್ ಗಾರೆ ಹಾಕಿಸುವುದರ ಜೊತೆಗೆ ಚೇಂಬರನ್ನೂ ಸರಿಮಾಡಿಸಬೇಕು. ಸಂಪು ಮಾತ್ರ ರಿಪೇರಿ ಮಾಡಿಸಿ ಕೈತೊಳೆದುಕೊಂಡವರು ಎರಡು ಸಲ ದುಡ್ಡು ಕೊಟ್ಟಿದ್ದಾರೆ.

ಮುಚ್ಚಿದ್ದ ಸಂಪಿಗೆ ತಕ್ಷಣ ಯಾರನ್ನೂ ಇಳಿಸಬೇಡಿ, ಗಾಳಿಯಾಡಲು ಬಿಟ್ಟು, ಮೇಲೆ ಇನ್ನೊಬ್ಬರನ್ನು ನಿಲ್ಲಿಸಿಕೊಂಡೇ ಕೆಲಸ. ಮ್ಯಾನ್‌ಹೋಲು, ಸೆಪ್ಟಿಕ್ ಟ್ಯಾಂಕಿಗಂತೂ ಮನುಷ್ಯರನ್ನು ಇಳಿಸುವ ಮಾತೇ ಬೇಡ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಹಾಗೆ ಇಳಿಸಿ ಶುಚಿ ಮಾಡಿಸುವುದು ಅಪರಾಧ. ಕರೆಸಬೇಕಾದ್ದು ಸಕ್ಕಿಂಗ್ ಲಾರಿ.

ರಿಪೇರಿಯಾದ ಮೇಲೆ

ಸಿಪಿವಿಸಿ ತುಂಡು ಬದಲಿಸಿದ್ದರೆ ಅಂಟು ಪೂರ್ತಿ ಹಿಡಿಯಲು ಒಂದು ದಿನ ಬಿಟ್ಟು ನೀರು ಬಿಡಿ. ಗೋಡೆ ಮುಚ್ಚುವ ಮುನ್ನ ನಲ್ಲಿಗಳ ಜಾಗಕ್ಕೆ ಡಮ್ಮಿ ಪ್ಲಗ್ ಹಾಕಿ, ಕೈಪಂಪಿನಿಂದ ಒತ್ತಡ ಕೊಟ್ಟು ಗೇಜಿನ ಮುಳ್ಳು ಒಂದು ಗಂಟೆ ಅಲ್ಲಾಡದೆ ನಿಲ್ಲುವುದನ್ನು ನೀವೇ ಕೂತು ನೋಡಿ. ತುಕ್ಕು ಹಿಡಿದ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಲೈನಿಗೆ ಈ ಪರೀಕ್ಷೆಯೇ ಮುಳುವಾಗಬಹುದು. ಅಂಥ ಲೈನು ಒಂದು ಕಡೆ ಬಿಟ್ಟರೆ ಉಳಿದ ಕಡೆಯೂ ಸರದಿಯಲ್ಲಿದೆ, ಪೂರ್ತಿ ಬದಲಿಸುವುದೇ ಲೇಸು.

ಕೆಳಗಿನ ಕಲೆ ಮಾತ್ರ ತಕ್ಷಣ ಹೋಗದು. ಸಂಕನ್ ತಗ್ಗಿನಲ್ಲಿ ಕೂಡಿದ ನೀರು ಇಳಿದು ಮುಗಿಯಲು ನಮ್ಮಲ್ಲಿ ಐದು ವಾರ ಹಿಡಿಯಿತು. ಮೂರನೇ ವಾರದಲ್ಲಿ ಹನಿ ಕಂಡು "ಮತ್ತೆ ಸೋರಿತು" ಎಂದು ಫೋನ್ ಮಾಡಿ ಬೈಸಿಕೊಂಡೆ. ಪೆನ್ಸಿಲ್ ಗೆರೆ ಹಿಂದಕ್ಕೆ ಸರಿಯುತ್ತಿದೆಯೇ ನೋಡಿ ಸಾಕು. ಪೂರ್ತಿ ಒಣಗುವ ಮುನ್ನ ಪುಟ್ಟಿ, ಬಣ್ಣ ಹಚ್ಚಿದರೆ ಅದೂ ಉದುರುತ್ತದೆ.

ನೆಲ ಒಡೆದಾಗಲೇ ಅವರು ಇನ್ನೊಂದು ಕೆಲಸ ಮಾಡಿದರು. ತಗ್ಗಿನ ತಳಮಟ್ಟದಿಂದ ಹೊರಗೋಡೆಗೆ ಅರ್ಧ ಇಂಚಿನ ಒಂದು ಪೈಪು ಇಳಿಜಾರಾಗಿ ಹಾಯಿಸಿ, ಮೆಟ್ಟಿಲ ಪಕ್ಕ ಕಾಣುವಂತೆ ಬಾಯಿ ಬಿಟ್ಟರು. ಮುಂದೆ ಒಳಗೆ ಎಲ್ಲಿ ಸೋರಿದರೂ ಹಾಲಿನ ಛಾವಣಿಗಿಂತ ಮೊದಲು ಅಲ್ಲಿ ಹನಿ ಕಾಣುತ್ತದೆ. ಈಗ ಆ ಬಾಯಿಗೆ ಜೇಡ ಬಲೆ ಕಟ್ಟಿದೆ. ಗುಡಿಸಲು ಹೋದ ಮಗನಿಗೆ ಹಾಗೇ ಇರಲಿ ಎಂದಿದ್ದೇನೆ.